ಒಂದೇ ಪ್ರೋಗ್ರಾಂ, ನಾಲ್ಕು ನಮೂನೆ ಟರ್ಮಿನಲ್: ಅಡಿಕೆ ತೂಕದ ಸ್ಕ್ರೀನ್ ಎಲ್ಲ ಕಡೆ ಒಂದೇ ಥರ ಬರಬೇಕು, ದಾರಿ ಹೇಳಿ

ಘಟ್ಟದ_ಮೇಲಿನವ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಒಂದು ಅಡಿಕೆ ಸೊಸೈಟಿಗೆ ತೂಕದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸಿ ಭಾಷೆ. ಮೌಸ್ ಇಲ್ಲ, ಬ್ರೌಸರ್ ಇಲ್ಲ, ಬರೀ ಅಕ್ಷರದ ಸ್ಕ್ರೀನ್. ಸದಸ್ಯರ ನಂಬರ್ ಹೊಡೆದರೆ ಹೆಸರು ಬರುತ್ತದೆ. ಆಮೇಲೆ ಅಡಿಕೆಯ ನಮೂನೆ ರಾಶಿಯೋ, ಚಾಲಿಯೋ, ಬೆಟ್ಟೆಯೋ, ಕೆಂಪುಗೋಟೋ ಅಂತ ಆರಿಸಬೇಕು, ಚೀಲ ಎಷ್ಟು, ತೂಕ ಎಷ್ಟು ಅಂತ ತುಂಬಬೇಕು. ಕೆಳಗಿನ ಸಾಲಲ್ಲಿ ಕೀಗಳ ಪಟ್ಟಿ ಇದೆ: ಎಫ್1 ಹೊಸ ತೂಕ, ಎಫ್2 ತಿದ್ದು, ಎಫ್3 ಚೀಟಿ, ಎಫ್4 ರದ್ದು, ಎಫ್10 ಹೊರಗೆ.

ಪ್ರೋಗ್ರಾಂ ಓಡುವುದು ಆಫೀಸಿನ ಒಂದು ಡೆಬಿಯನ್ ಲಿನಕ್ಸ್ ಕಂಪ್ಯೂಟರಿನಲ್ಲಿ. ಉಳಿದವರು ಅದಕ್ಕೇ ಲಾಗಿನ್ ಆಗುತ್ತಾರೆ. ನನ್ನ ಲ್ಯಾಪ್‌ಟಾಪಿನ ಎಕ್ಸ್‌ಟರ್ಮ್ ಅನ್ನೋ ಟರ್ಮಿನಲ್ ಕಿಟಕಿಯಲ್ಲಿ ಎಲ್ಲ ಚೆನ್ನಾಗಿದೆ. ತೊಂದರೆ ಬೇರೆ ಕಡೆ. ತೂಕದ ಕಟ್ಟೆ ಪಕ್ಕ ಒಂದು ವಿಂಡೋಸ್ ಕಂಪ್ಯೂಟರ್ ಇದೆ, ಅಲ್ಲಿ ಲಾಗಿನ್ ಆಗಲು ಪುಟ್ಟಿ ಅನ್ನೋ ಟರ್ಮಿನಲ್ ಪ್ರೋಗ್ರಾಂ ಬಳಸುತ್ತಾರೆ. ಅದರಲ್ಲಿ ಎಫ್1ರಿಂದ ಎಫ್4ರವರೆಗೆ ಒತ್ತಿದರೆ ಏನೂ ಆಗುವುದಿಲ್ಲ, ಎಫ್10 ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಚೌಕಟ್ಟಿನ ಗೆರೆ ಬರಬೇಕಾದ ಜಾಗದಲ್ಲಿ ಇಂಗ್ಲಿಷ್ ಎಲ್, ಕ್ಯೂ, ಕೆ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಗೋದಾಮಿನಲ್ಲಿ ಒಂದು ಹಳೆ ವೈಸ್ 60 ಟರ್ಮಿನಲ್ ಇದೆ, ಸೀರಿಯಲ್ ಕೇಬಲಿನಲ್ಲಿ, ಇನ್ನೂ ಗಟ್ಟಿಮುಟ್ಟಾಗಿದೆ, ಅಲ್ಲಿ ಕೂರುವ ಹಿರಿಯರಿಗೆ ಅದೇ ಬೇಕು. ಅದರಲ್ಲಿ ಅಂಕಿ, ಅರ್ಧವಿರಾಮ, ಅಕ್ಷರ ಎಲ್ಲ ಚೆಲ್ಲಿ ಹೋಗಿರುತ್ತದೆ. ಎಫ್1 ಒತ್ತಿದರೆ ಎಂಟರ್ ಒತ್ತಿದ ಹಾಗಾಗಿ ಅರ್ಧ ತುಂಬಿದ ಚೀಟಿ ಸೇವ್ ಆಗಿಬಿಡುತ್ತದೆ! ಇನ್ನು ಕಾರ್ಯದರ್ಶಿಯವರು ಮನೆಯಿಂದ ಫೋನಿನಲ್ಲಿ ಟರ್ಮಕ್ಸ್ ಅನ್ನೋ ಟರ್ಮಿನಲ್ ಆ್ಯಪ್ ಹಾಕಿಕೊಂಡು ನೋಡುತ್ತಾರೆ. ಕೀಬೋರ್ಡ್ ತೆರೆದ ಕೂಡಲೇ ಅವರ ಸ್ಕ್ರೀನಿನ ಕೆಳಗಿನ ಅರ್ಧ ಕಾಣುವುದಿಲ್ಲ.

ಈಗ ಪ್ರಿಂಟ್ಎಫ್ ಒಳಗೇ ಎಸ್ಕೇಪ್ ಕೋಡ್ (ಎಸ್ಕೇಪ್ ಅಕ್ಷರದಿಂದ ಶುರುವಾಗುವ ಟರ್ಮಿನಲ್ ಆಜ್ಞೆಗಳು) ಬರೆದು ಕರ್ಸರ್ ಓಡಿಸುತ್ತಿದ್ದೇನೆ. ಪ್ರತಿಯೊಂದು ಟರ್ಮಿನಲ್‌ಗೂ ಇಫ್-ಎಲ್ಸ್ ಹಾಕಿ ಬೇರೆ ಬೇರೆ ಕೋಡ್ ಕಳಿಸಬೇಕಾ? ಅಥವಾ ಯಂತ್ರ ಯಾವುದೇ ಇರಲಿ ಅಂತ ಬರೆಯುವ ದಾರಿ ಬೇರೆ ಇದೆಯಾ? ಕೊಯ್ಲಿನ ಮಾಲು ಬರಲು ಶುರುವಾಗುವ ಮೊದಲು ಮುಗಿಸಬೇಕು. ಆಮೇಲೆ ಜನರ ಸಾಲು ನಿಂತಿರುತ್ತದೆ, ಆಗ ಪ್ರಯೋಗ ಮಾಡಲು ಆಗುವುದಿಲ್ಲ.

ಕಾಳಿ_ದಂಡೆ

ಇಫ್-ಎಲ್ಸ್ ದಾರಿ ಹಿಡಿಯಬೇಡಿ ಮಾರಾಯ್ರೆ. ಈ ಕಷ್ಟ 1970ರ ದಶಕದಲ್ಲೇ ಜನ ಅನುಭವಿಸಿದ್ದಾರೆ, ಅದಕ್ಕೆ ಗಟ್ಟಿಯಾದ ಉತ್ತರವನ್ನೂ ಮಾಡಿಟ್ಟಿದ್ದಾರೆ. ಅದರ ಹೆಸರು ಕರ್ಸಸ್, ಅಕ್ಷರದ ಸ್ಕ್ರೀನ್ ನೋಡಿಕೊಳ್ಳುವ ಲೈಬ್ರರಿ. ನಿಮ್ಮ ಡೆಬಿಯನ್‌ನಲ್ಲಿ ಅದು ಎನ್‌ಕರ್ಸಸ್ ಅಂತ ಇರುತ್ತದೆ.

ಮೊದಲು ಯಾಕೆ ಹೀಗಾಗುತ್ತದೆ ನೋಡಿ. ಕರ್ಸರನ್ನು ಮೇಲಿಂದ 11ನೇ ಸಾಲು, ಎಡದಿಂದ 6ನೇ ಮನೆಗೆ (ಒಂದು ಅಕ್ಷರದ ಜಾಗಕ್ಕೆ) ಒಯ್ಯಬೇಕು ಅಂದುಕೊಳ್ಳಿ. ಡೆಕ್ ಕಂಪನಿ 1978ರಲ್ಲಿ ತಂದ ವಿಟಿ100, ಮತ್ತೆ ಅದರ ದಾರಿಯಲ್ಲೇ ನಡೆಯುವ ಎಕ್ಸ್‌ಟರ್ಮ್, ಪುಟ್ಟಿ, ಟರ್ಮಕ್ಸ್ ಇವಕ್ಕೆಲ್ಲ ಎಸ್ಕೇಪ್, ಚೌಕ ಕಂಸ, 11, ಅರ್ಧವಿರಾಮ, 6, ಎಚ್ ಅಂತ ಕಳಿಸಬೇಕು. ನಿಮ್ಮ ವೈಸ್ 60 ತನ್ನ ಸ್ವಂತ ಮೋಡಿನಲ್ಲಿದ್ದರೆ ಅದಕ್ಕೆ ಈ ಮಾತು ಬೇಡ. ಅದಕ್ಕೆ ಎಸ್ಕೇಪ್, ಸಮ ಚಿಹ್ನೆ, ಆಮೇಲೆ ಎರಡೇ ಎರಡು ಅಕ್ಷರ ಸಾಕು. ಸಾಲನ್ನು ಸೊನ್ನೆಯಿಂದ ಎಣಿಸಿ 32 ಕೂಡಿಸಿ, ಬಂದ ಸಂಖ್ಯೆಯ ಆಸ್ಕಿ ಅಕ್ಷರ ಕಳಿಸಬೇಕು. ಮನೆಗೂ ಹಾಗೇ. ಅಂದರೆ 10ಕ್ಕೆ 32 ಸೇರಿ 42, ಅದು ನಕ್ಷತ್ರದ ಗುರುತು. 5ಕ್ಕೆ 32 ಸೇರಿ 37, ಅದು ಶೇಕಡಾ ಗುರುತು. ಒಂದೇ ಜಾಗ, ಒಂದೇ ಕೆಲಸ, ಆದರೆ ಕಳಿಸುವ ಬೈಟ್‌ಗಳು ಪೂರ್ತಿ ಬೇರೆ. ನಿಮ್ಮ ಗೋದಾಮಿನಲ್ಲಿ ಅಂಕಿಗಳು ಚೆಲ್ಲುವುದು ಇದಕ್ಕೇ.

ಎಫ್1 ಒತ್ತಿದರೆ ಚೀಟಿ ಸೇವ್ ಆಗುವುದೂ ಅದೇ ಜಾತಿಯ ತೊಂದರೆ. ವೈಸ್ 60ರ ಎಫ್1 ಮೂರು ಬೈಟ್ ಕಳಿಸುತ್ತದೆ: ಕಂಟ್ರೋಲ್-ಎ, ಆ್ಯಟ್ ಗುರುತು, ಕೊನೆಗೆ ಎಂಟರ್ ಕೀ ಕಳಿಸುವ ಅದೇ ಕ್ಯಾರೇಜ್ ರಿಟರ್ನ್. ನಿಮ್ಮ ಪ್ರೋಗ್ರಾಂ ಒಂದೊಂದೇ ಬೈಟ್ ಓದಿಕೊಂಡು ಹೋದರೆ ಮೂರನೆಯದನ್ನು ಎಂಟರ್ ಅಂತ ತಿಳಿಯದೆ ಇನ್ನೇನು ಮಾಡುತ್ತದೆ, ಅಲ್ವಾ?

ಬರ್ಕ್‌ಲಿಯಲ್ಲಿ ಬಿಲ್ ಜಾಯ್ ವಿಐ ಎಡಿಟರ್ ಬರೆಯುವಾಗ ಆ ವಿಶ್ವವಿದ್ಯಾಲಯದಲ್ಲಿ ಹತ್ತಾರು ಕಂಪನಿಗಳ ಟರ್ಮಿನಲ್ ಇದ್ದವು. ಅವರು ಬಳಸುತ್ತಿದ್ದ ಎಡಿಎಂ-3ಎ ಕೀಬೋರ್ಡಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಇದ್ದವು. ವಿಐನಲ್ಲಿ ಇವತ್ತಿಗೂ ಆ ಕೀಗಳಲ್ಲೇ ಓಡಾಡುವುದು ಅದಕ್ಕೇ. ಒಂದೊಂದು ಯಂತ್ರಕ್ಕೂ ಎಡಿಟರಿನೊಳಗೆ ಕೋಡ್ ತುರುಕುವ ಬದಲು ಅವರು ಯಂತ್ರದ ಗುಣಗಳನ್ನು ಹೊರಗಿನ ಒಂದು ಫೈಲಿನಲ್ಲಿ ಬರೆದಿಟ್ಟರು. ಅದು ಟರ್ಮ್‌ಕ್ಯಾಪ್. ಕರ್ಸರ್ ಓಡಿಸುವುದು ಹೇಗೆ, ಸ್ಕ್ರೀನ್ ಒರೆಸುವುದು ಹೇಗೆ, ಎಫ್1 ಏನು ಕಳಿಸುತ್ತದೆ, ಎಷ್ಟು ಸಾಲು, ಎಷ್ಟು ಮನೆ, ಎಲ್ಲ ಅದರಲ್ಲಿ. ವಿಐಯೊಳಗಿನ ಕರ್ಸರ್ ಓಡಿಸುವ ಭಾಗವನ್ನು ಆಧಾರ ಮಾಡಿಕೊಂಡು ಕೆನ್ ಆರ್ನಾಲ್ಡ್ 1980ರ ಆಸುಪಾಸಿನಲ್ಲಿ ಕರ್ಸಸ್ ಲೈಬ್ರರಿ ಮಾಡಿದರು. ರೋಗ್ ಅನ್ನೋ ಆಟ ಅದರ ಮೇಲೇ ಹುಟ್ಟಿದ್ದು. ಆಮೇಲೆ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ಹಾರ್ಟನ್ ಟರ್ಮ್‌ಕ್ಯಾಪ್ ಜಾಗಕ್ಕೆ ಟರ್ಮ್‌ಇನ್ಫೋ ತಂದರು. ಅದು ಮೊದಲೇ ಕಂಪೈಲ್ ಆಗಿ ಕೂತಿರುತ್ತದೆ, ಹಾಗಾಗಿ ಹುಡುಕುವುದು ಬೇಗ. ಈಗಿನ ಎನ್‌ಕರ್ಸಸ್ 1993ರಿಂದ ಇದೆ. ತುಂಬಾ ವರ್ಷಗಳಿಂದ ಥಾಮಸ್ ಡಿಕಿ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಅಷ್ಟು ಹಳೆ ಯಂತ್ರಗಳ ವಿವರವನ್ನೂ ಬಿಡದೆ ಕಾಪಾಡಿದ್ದಾರೆ, ನಿಮ್ಮ ವೈಸ್ 60 ಸಹ ಅದರಲ್ಲಿದೆ. ನನಗೆ ಆ ಕೆಲಸದ ಬಗ್ಗೆ ಬಹಳ ಗೌರವ.

ನಿಮ್ಮ ಪ್ರೋಗ್ರಾಂ ಟರ್ಮ್ ಅನ್ನೋ ಪರಿಸರ ವೇರಿಯಬಲ್‌ನಲ್ಲಿರುವ ಹೆಸರು ಓದುತ್ತದೆ, ಆ ಹೆಸರಿನ ವಿವರವನ್ನು ಟರ್ಮ್‌ಇನ್ಫೋದಲ್ಲಿ ಹುಡುಕುತ್ತದೆ, ಅಲ್ಲಿ ಏನಿದೆಯೋ ಅದನ್ನೇ ಕಳಿಸುತ್ತದೆ. ಹಾಗಾಗಿ ನಿಮ್ಮ ಕೆಲಸ ಎರಡೇ. ಕೋಡಿನಲ್ಲಿ ಎಸ್ಕೇಪ್ ಒಂದೂ ಉಳಿಯಬಾರದು. ಟರ್ಮ್ ನಿಜ ಹೇಳುತ್ತಿರಬೇಕು. ಎರಡನೆಯದನ್ನು ಜನ ಮರೆಯುವುದೇ ಜಾಸ್ತಿ. ವೈಸ್ ಎದುರು ಕೂತು ಟರ್ಮ್ ಎಕ್ಸ್‌ಟರ್ಮ್ ಅಂತಿದ್ದರೆ ಎಷ್ಟು ಒಳ್ಳೆ ಲೈಬ್ರರಿ ಇದ್ದರೂ ಸ್ಕ್ರೀನ್ ಕೆಡುತ್ತದೆ.

ಕೋಡಿನ ಆಕಾರ ಹೀಗಿರಲಿ. ಎಲ್ಲಕ್ಕಿಂತ ಮೊದಲು, ಭಾಷೆ ಮತ್ತು ಅಕ್ಷರ ಪದ್ಧತಿ (ಲೊಕೇಲ್) ಹೊಂದಿಸುವ ಸೆಟ್‌ಲೊಕೇಲ್ ಕರೆಯಿರಿ. ಆಮೇಲೆ ಕರ್ಸಸ್ ಶುರು ಮಾಡುವ ಇನಿಟ್‌ಸ್ಕ್ರ್. ಆಮೇಲೆ ಸಿಬ್ರೇಕ್, ಆಗ ಎಂಟರ್‌ಗೆ ಕಾಯದೆ ಪ್ರತಿ ಕೀ ಕೈಗೆ ಬರುತ್ತದೆ. ನೋಎಕೋ ಕರೆದರೆ ಒತ್ತಿದ್ದು ತಾನಾಗಿ ಸ್ಕ್ರೀನ್ ಮೇಲೆ ಮೂಡುವುದಿಲ್ಲ. ಕೀಪ್ಯಾಡ್ ಅನ್ನು ಟ್ರೂ ಮಾಡಿ, ಇದನ್ನು ಬಿಟ್ಟರೆ ಫಂಕ್ಷನ್ ಕೀಗಳು ಬಿಡಿಬಿಡಿ ಬೈಟ್ ಆಗಿಯೇ ಬರುತ್ತವೆ. ಅಲ್ಲಿಂದ ಮುಂದೆ ಕೀ ಓದುವ ಗೆಟ್‌ಚ್ ನಿಮಗೆ ಎಫ್1ಕ್ಕೆ ಒಂದೇ ಸಂಖ್ಯೆ ಕೊಡುತ್ತದೆ, ಟರ್ಮಿನಲ್ ಯಾವುದೇ ಇರಲಿ. ವೈಸ್ ಸಲುವಾಗಿ ಇನ್ನೊಂದು ಬೇಕು: ನೋಎನ್‌ಎಲ್. ಅದು ಇಲ್ಲದಿದ್ದರೆ ಕರ್ನಲ್ ಕ್ಯಾರೇಜ್ ರಿಟರ್ನನ್ನು ಹೊಸಸಾಲು ಮಾಡಿ ಕೊಡುತ್ತದೆ, ಆಗ ಎಫ್1ರ ಮೂರನೇ ಬೈಟ್ ವಿವರಣೆಗೆ ಹೊಂದುವುದಿಲ್ಲ, ಮತ್ತೆ ಅದೇ ಪಾಡು. ನೋಎನ್‌ಎಲ್ ಹಾಕಿದ ಮೇಲೆ ಎಂಟರ್ ಕೀ 10ರ ಬದಲು 13 ಆಗಿ ಬರುತ್ತದೆ, ಎರಡನ್ನೂ ಎಂಟರ್ ಅಂತಲೇ ಒಪ್ಪಿಕೊಳ್ಳಿ. ಚೌಕಟ್ಟಿಗೆ ಬಾಕ್ಸ್ ಅನ್ನೋ ರೂಟೀನ್ ಇದೆ, ಗೆರೆಯ ಅಕ್ಷರ ನೀವು ಬರೆಯುವುದೇ ಬೇಡ.

ಇನ್ನೊಂದು ಲಾಭ ನಿಮಗೆ ಗೋದಾಮಿನಲ್ಲಿ ಕಣ್ಣಿಗೆ ಕಾಣುತ್ತದೆ. ಆ ಸೀರಿಯಲ್ ಲೈನ್ ಸೆಕೆಂಡಿಗೆ 9600 ಬಿಟ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 960 ಅಕ್ಷರ ಹೋಗುತ್ತದೆ. 80 ಮನೆ, 24 ಸಾಲಿನ ಸ್ಕ್ರೀನ್ ಅಂದರೆ 1920 ಅಕ್ಷರ. ಪ್ರತಿ ಕೀಗೂ ಪೂರ್ತಿ ಸ್ಕ್ರೀನ್ ಬರೆದರೆ ಪ್ರತಿ ಸಲ ಎರಡು ಸೆಕೆಂಡ್. ಕರ್ಸಸ್ ಹಾಗೆ ಮಾಡುವುದಿಲ್ಲ. ಸ್ಕ್ರೀನಿನ ಮೇಲೆ ಈಗ ಏನಿದೆ ಅನ್ನೋದರ ಒಂದು ನಕಲು ಅದರ ಹತ್ತಿರ ಇರುತ್ತದೆ. ನೀವು ಬರೆದದ್ದೆಲ್ಲ ಇನ್ನೊಂದು ನಕಲಿಗೆ ಹೋಗುತ್ತದೆ. ರಿಫ್ರೆಶ್ ಕರೆದಾಗ ಎರಡನ್ನೂ ಹೋಲಿಸಿ ವ್ಯತ್ಯಾಸ ಮಾತ್ರ ಕಳಿಸುತ್ತದೆ. ತೂಕದ ಒಂದು ಅಂಕಿ ಬದಲಾದರೆ ಕೆಲವೇ ಬೈಟ್ ಹೋಗುತ್ತದೆ. ಇಲ್ಲಿ ಕಾರವಾರದಲ್ಲಿ ದೋಣಿಗಳ ಡೀಸೆಲ್ ಲೆಕ್ಕಕ್ಕೆ ಇಂಥದ್ದೇ ಒಂದು ಪ್ರೋಗ್ರಾಂ ಇದೆ, ಅತಿ ನಿಧಾನದ ಲೈನಿನಲ್ಲೂ ಟೈಪ್ ಮಾಡುವವರಿಗೆ ಕಾಯಬೇಕು ಅನ್ನಿಸುವುದಿಲ್ಲ. ಕಿಟಕಿಗಳು ಎರಡು ಮೂರು ಇದ್ದರೆ ಒಂದೊಂದಕ್ಕೂ ರಿಫ್ರೆಶ್ ಕರೆಯಬೇಡಿ, ಎಲ್ಲಕ್ಕೂ ಡಬ್ಲ್ಯೂನೌಟ್‌ರಿಫ್ರೆಶ್ ಮಾಡಿ ಕೊನೆಗೆ ಒಂದೇ ಸಲ ಡೂಅಪ್‌ಡೇಟ್ ಮಾಡಿ.

ಕುಮಟೆ_ಕೀಬೋರ್ಡ್

ಮೇಲಿನವರು ಬುಡ ಹೇಳಿದ್ದಾರೆ, ನಾನು ಪುಟ್ಟಿ ಬಗ್ಗೆ ಮಾತ್ರ ಹೇಳುತ್ತೇನೆ.

ಪುಟ್ಟಿ ಸುಮ್ನೆ ತನ್ನನ್ನು ಎಕ್ಸ್‌ಟರ್ಮ್ ಅಂತ ಕರೆದುಕೊಳ್ಳುತ್ತದೆ. ಆದರೆ ಎಕ್ಸ್‌ಟರ್ಮ್‌ನ ಎಫ್1 ಕಳಿಸುವುದು ಎಸ್ಕೇಪ್, ಓ, ಪಿ. ಪುಟ್ಟಿಯ ಎಫ್1 ಮೊದಲಿನಿಂದ ಇರುವ ಸೆಟ್ಟಿಂಗಿನಲ್ಲಿ ಕಳಿಸುವುದು ಎಸ್ಕೇಪ್, ಚೌಕ ಕಂಸ, 11, ಟಿಲ್ಡ್ ಗುರುತು. ಎಫ್4ರವರೆಗೆ ಹೀಗೇ ಬೇರೆ. ಎಫ್5ರಿಂದ ಮುಂದೆ ಎರಡೂ ಒಂದೇ. ನಿಮ್ಮ ಎಫ್10 ಕೆಲಸ ಮಾಡಿ ಮೊದಲ ನಾಲ್ಕು ಸತ್ತಿರುವುದು ಇದಕ್ಕೇ.

ಪುಟ್ಟಿಯಲ್ಲಿ ಕನೆಕ್ಷನ್ ಕೆಳಗೆ ಡೇಟಾ ಪುಟಕ್ಕೆ ಹೋಗಿ. ಟರ್ಮಿನಲ್ ಟೈಪ್ ಸ್ಟ್ರಿಂಗ್ ಅಂತ ಇದೆ, ಎಕ್ಸ್‌ಟರ್ಮ್ ತೆಗೆದು ಪುಟ್ಟಿ ಅಂತ ಸಣ್ಣಕ್ಷರದಲ್ಲಿ ಬರೆದು ಸೆಷನ್ ಸೇವ್ ಮಾಡಿ. ಸರ್ವರಿನಲ್ಲಿ ಎನ್‌ಕರ್ಸಸ್-ಟರ್ಮ್ ಪ್ಯಾಕೇಜ್ ಹಾಕಲೇಬೇಕು. ಡೆಬಿಯನ್ ಜೊತೆ ತಾನಾಗಿ ಬರುವ ಮೂಲ ಪ್ಯಾಕೇಜಿನಲ್ಲಿ ಕೆಲವೇ ಟರ್ಮಿನಲ್‌ಗಳ ವಿವರ ಇರುತ್ತದೆ. ಪುಟ್ಟಿ, ವೈಸ್ ಎರಡೂ ಆ ದೊಡ್ಡ ಪ್ಯಾಕೇಜಿನಲ್ಲೇ ಇರುವುದು. ಕೀಬೋರ್ಡ್ ಪುಟದಲ್ಲಿ ಫಂಕ್ಷನ್ ಕೀಗಳನ್ನು ಎಕ್ಸ್‌ಟರ್ಮ್ ಆರ್6 ಮಾಡಿದರೂ ನಡೆಯುತ್ತದೆ. ನನಗೆ ಹೆಸರು ಸರಿ ಮಾಡುವುದೇ ಇಷ್ಟ, ಯಾಕೆಂದರೆ ಆಗ ಬೇರೆ ಪ್ರೋಗ್ರಾಂಗಳಿಗೂ ಅನುಕೂಲ.

ಗೆರೆ ಬದಲು ಎಲ್, ಕ್ಯೂ, ಕೆ ಬರುವುದು ಹಳೆ ಕಾಲದ ಗೆರೆ-ಅಕ್ಷರದ ಮೋಡಿನಿಂದ. ವಿಟಿ100ಕ್ಕೆ ಮೋಡ್ ಬದಲಿಸಿ ಕ್ಯೂ ಕಳಿಸಿದರೆ ಅಡ್ಡಗೆರೆ ಬರುತ್ತದೆ. ಯೂನಿಕೋಡನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿರುವ ಪುಟ್ಟಿ ಆ ಮೋಡ್ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕ್ಯೂ ಅನ್ನೇ ತೋರಿಸುತ್ತದೆ. ಕರ್ಸಸ್‌ನ ಬಾಕ್ಸ್‌ಗೆ ಹೋದ ಮೇಲೂ ಹಾಗೇ ಉಳಿದರೆ ಎನ್‌ಕರ್ಸಸ್_ನೋ_ಯುಟಿಎಫ್8_ಎಸಿಎಸ್ ಅನ್ನೋ ಪರಿಸರ ವೇರಿಯಬಲ್ಲಿಗೆ 1 ಕೊಡಿ. ಆಗ ಅದು ಯೂನಿಕೋಡ್ ಗೆರೆಗಳನ್ನೇ ಕಳಿಸುತ್ತದೆ.

ಬ್ಯಾಕ್‌ಸ್ಪೇಸ್ ಕೂಡ ನಾಳೆ ಕಾಡುತ್ತದೆ ನೋಡಿ. ಪುಟ್ಟಿ 127 ಕಳಿಸುತ್ತದೆ, ವೈಸ್ 8 ಕಳಿಸುತ್ತದೆ. ಕರ್ಸಸ್ ಹೇಳುವ ಬ್ಯಾಕ್‌ಸ್ಪೇಸ್ ಸಂಖ್ಯೆ, 127, 8, ಮೂರನ್ನೂ ಒಂದೇ ಕೇಸಿನಲ್ಲಿ ಹಾಕಿಬಿಡಿ.

ಘಟ್ಟದ_ಮೇಲಿನವ

ಇಬ್ಬರಿಗೂ ತುಂಬಾ ಧನ್ಯವಾದ. ಪ್ರಿಂಟ್ಎಫ್ ಎಲ್ಲ ತೆಗೆದು ಕರ್ಸಸ್‌ಗೆ ಬದಲಿಸಿದೆ. ಪುಟ್ಟಿಯಲ್ಲಿ ಈಗ ಎಫ್ ಕೀಗಳೆಲ್ಲ ಸರಿ, ಚೌಕಟ್ಟೂ ಸರಿ. ತೂಕದ ಕಟ್ಟೆಯವರು ಖುಷಿಯಾಗಿದ್ದಾರೆ.

ವೈಸ್ ಇನ್ನೂ ಕೆಡುತ್ತಿದೆ. ಅಲ್ಲಿ ಟರ್ಮ್ ಏನಿದೆ ಅಂತ ನೋಡಿದರೆ ವಿಟಿ220 ಅಂತ ತೋರಿಸುತ್ತದೆ, ನಾನು ಎಲ್ಲೂ ಹಾಗೆ ಬರೆದಿಲ್ಲ. ಇನ್ನೊಂದು, ಸದಸ್ಯರ ಹೆಸರು ಮತ್ತು ಮಾಲಿನ ನಮೂನೆ ಕನ್ನಡದಲ್ಲಿ ಬೇಕು ಅಂತ ಸೊಸೈಟಿಯವರ ಆಸೆ, ನನ್ನದೂ ಅದೇ. ಲ್ಯಾಪ್‌ಟಾಪಿನಲ್ಲಿ ಕನ್ನಡ ಮೂಡುತ್ತದೆ, ಆದರೆ ಹೆಸರಿನ ಬಲಕ್ಕೆ ಇರುವ ಚೀಲ, ತೂಕದ ಅಂಕಣಗಳು ಒಂದೊಂದು ಸಾಲಲ್ಲಿ ಒಂದೊಂದು ಕಡೆ ನಿಲ್ಲುತ್ತವೆ. ಹೆಸರಿಗೆ 20 ಜಾಗ ಅಂತ ಫಾರ್ಮ್ಯಾಟಿನಲ್ಲೇ ಕೊಟ್ಟಿದ್ದೇನೆ.

ಪೇಟೆ_ಹುಡುಗ

ಇಷ್ಟೆಲ್ಲ ಯಾಕೆ ಅಣ್ಣ, ಒಂದು ವೆಬ್ ಪುಟ ಮಾಡಿ ಬ್ರೌಸರಿನಲ್ಲಿ ತೆರೆದರೆ ಆಯ್ತಲ್ಲ? ಕನ್ನಡವೂ ಚೆನ್ನಾಗಿ ಬರುತ್ತದೆ.

ಘಟ್ಟದ_ಮೇಲಿನವ

ಯೋಚನೆ ಮಾಡಿದ್ದೆ ತಮ್ಮಾ. ಆದರೆ ವೈಸ್‌ನಲ್ಲಿ ಬ್ರೌಸರ್ ಓಡುವುದಿಲ್ಲ. ತೂಕದ ಕಟ್ಟೆಯಲ್ಲಿ ಬರೆಯುವವರು ಕೀಬೋರ್ಡ್ ನೋಡದೆ ಅಂಕಿ ಹೊಡೆಯುತ್ತಾರೆ, ಒಂದು ಚೀಲ ಇಳಿಸಿ ಇನ್ನೊಂದು ಏರಿಸುವಷ್ಟರಲ್ಲಿ ನಮೂದು ಮುಗಿದಿರುತ್ತದೆ. ಅವರ ಕೈಗೆ ಮೌಸ್ ಕೊಟ್ಟರೆ ಸಾಲು ಬೆಳೆಯುತ್ತದೆ. ಮಳೆಗಾಲದಲ್ಲಿ ನೆಟ್ ಹೇಗಿರುತ್ತದೆ ಅಂತ ನಿನಗೂ ಗೊತ್ತು.

ಶರಾವತಿ_ಬದಿ

ಹೊನ್ನಾವರದಿಂದ ನಮಸ್ಕಾರ. ಕನ್ನಡದ ವಿಷಯ ಹೇಳುತ್ತೇನೆ, ಇದರಲ್ಲಿ ಸ್ವಲ್ಪ ಆಳಕ್ಕೆ ಇಳಿಯಬೇಕು.

ಬೆಟ್ಟೆ ಅನ್ನೋ ಪದವನ್ನೇ ತೆಗೆದುಕೊಳ್ಳಿ. ನಾವು ಓದುವುದು ಎರಡು ಅಕ್ಷರ: ಬೆ, ಟ್ಟೆ. ಯೂನಿಕೋಡಿನಲ್ಲಿ ಅದು ಆರು ಸಂಕೇತ: ಬ, ಎತ್ವ, ಟ, ವಿರಾಮ ಗುರುತು, ಟ, ಎತ್ವ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 18. ಇನ್ನು ಅಕ್ಷರದ ಅಗಲ ಹೇಳುವ ಡಬ್ಲ್ಯೂಸಿವಿಡ್ತ್ ಅನ್ನೋ ರೂಟೀನ್ ಕೇಳಿದರೆ ಮೂರು ಮನೆ ಅನ್ನುತ್ತದೆ, ಎತ್ವಕ್ಕೂ ವಿರಾಮಕ್ಕೂ ಸೊನ್ನೆ ಹಿಡಿದು ಮೂರು ವ್ಯಂಜನ ಎಣಿಸುತ್ತದೆ. ಸಿ ಭಾಷೆಯ ಫಾರ್ಮ್ಯಾಟ್ ಎಣಿಸುವುದು ಬೈಟ್. ನೀವು ಕೊಟ್ಟ 20ರಲ್ಲಿ 18 ಅಲ್ಲೇ ಮುಗಿಯಿತು, ಖಾಲಿ ಜಾಗ ಬಂದದ್ದು ಎರಡೇ. ಹೆಸರು ಉದ್ದ ಆದಷ್ಟೂ ಅಂಕಣ ಓಡುತ್ತದೆ.

ಹಾಗಾಗಿ ಫಾರ್ಮ್ಯಾಟಿನಿಂದ ಜಾಗ ತುಂಬುವುದು ಬಿಡಿ. ವೈಡ್ ಅಕ್ಷರದ ಎನ್‌ಕರ್ಸಸ್‌ಡಬ್ಲ್ಯೂ ಲೈಬ್ರರಿಗೆ ಲಿಂಕ್ ಮಾಡಿ. ಸೆಟ್‌ಲೊಕೇಲ್ ಇನಿಟ್‌ಸ್ಕ್ರ್‌ಗಿಂತ ಮೊದಲೇ ಇರಲಿ. ಪ್ರತಿ ಅಂಕಣಕ್ಕೂ ಮೂವ್ ಕರೆದು ಸಾಲು, ಮನೆ ಹೇಳಿ ಬರೆಯಿರಿ.

ಇಷ್ಟು ಮಾಡಿದರೂ ಪೂರ್ತಿ ಸರಿಯಾಗುವುದಿಲ್ಲ, ಇದನ್ನು ನೇರವಾಗಿ ಹೇಳಬೇಕು. ಟರ್ಮಿನಲ್ ಅಂದರೆ ಚೌಕದ ಮನೆಗಳ ಹಾಳೆ. ಕನ್ನಡದ ಒತ್ತಕ್ಷರ ಆ ಲೆಕ್ಕಕ್ಕೆ ಹೊಂದುವುದಿಲ್ಲ. ಬೆಟ್ಟೆಗೆ ಕರ್ಸಸ್ ಮೂರು ಮನೆ ಹಿಡಿಯುತ್ತದೆ. ನಿಮ್ಮ ಟರ್ಮಿನಲ್ ಅಕ್ಷರ ಜೋಡಿಸಿ ಎರಡೇ ಮನೆ ಹಿಡಿದರೆ ಅಲ್ಲಿಂದ ಬಲಕ್ಕೆ ಎಲ್ಲ ಒಂದು ಮನೆ ತಪ್ಪು. ರಾಶಿಯ ದೀರ್ಘದ ಗುರುತಿಗೆ ಒಂದು ಕಡೆ ಒಂದು ಮನೆ ಲೆಕ್ಕ, ಇನ್ನೊಂದು ಕಡೆ ಸೊನ್ನೆ. ಕರ್ಸಸ್ ವ್ಯತ್ಯಾಸ ಮಾತ್ರ ಕಳಿಸುತ್ತದೆ ಅಂತ ಮೇಲೆ ಹೇಳಿದರಲ್ಲ, ಅದರ ಬಲವೇ ಇಲ್ಲಿ ತೊಡಕಾಗುತ್ತದೆ. ಕರ್ಸರ್ ಇಲ್ಲಿದೆ ಅಂತ ಅದು ನಂಬಿರುತ್ತದೆ, ನಿಜವಾಗಿ ಅದು ಬೇರೆಲ್ಲೋ ಇರುತ್ತದೆ.

ಇದಕ್ಕೆ ನನಗೆ ಒಗ್ಗಿದ ಉಪಾಯ: ಕನ್ನಡದ ಅಂಕಣವನ್ನು ಸಾಲಿನ ಕೊನೆಗೆ ಒಯ್ಯಿರಿ. ಎಡದಿಂದ ಸದಸ್ಯ ನಂಬರ್, ಚೀಲ, ತೂಕ, ಕೊನೆಗೆ ಹೆಸರು. ಹೆಸರಿನ ಬಲಕ್ಕೆ ಏನೂ ಇರಬಾರದು, ಚೌಕಟ್ಟಿನ ಗೆರೆಯೂ ಬೇಡ. ಆಗ ಅಗಲದ ಲೆಕ್ಕ ತಪ್ಪಿದರೂ ಇನ್ನೊಂದು ಅಂಕಣ ಕೆಡುವುದಿಲ್ಲ. ನಮೂನೆಗೆ ಒಂದಕ್ಷರದ ಗುರುತು ಇಟ್ಟು, ಪೂರ್ತಿ ಹೆಸರನ್ನು ಕೆಳಗಿನ ಒಂದು ಸಾಲಲ್ಲಿ ತೋರಿಸಿ. ಪುಟ ಬದಲಾದಾಗ ಆ ಸಾಲುಗಳಿಗೆ ಡಬ್ಲ್ಯೂರಿಡ್ರಾಎಲ್‌ಎನ್ ಕರೆಯಿರಿ. ಅದು ಹಳೆಯದನ್ನು ನಂಬದೆ ಸಾಲನ್ನು ಹೊಸದಾಗಿ ಬರೆಯುತ್ತದೆ. ನಮ್ಮ ಲಿಪಿಗೆ ಟರ್ಮಿನಲ್‌ಗಳು ಇನ್ನೂ ಸರಿಯಾಗಿ ಜಾಗ ಕೊಟ್ಟಿಲ್ಲ ಅನ್ನೋದು ನನಗೆ ನೋವಿನ ವಿಷಯವೇ, ಆದರೂ ರೈತರು ತಮ್ಮ ಹೆಸರನ್ನು ಕನ್ನಡದಲ್ಲಿ ನೋಡಬೇಕು ಅನ್ನೋದನ್ನು ಬಿಟ್ಟುಕೊಡಬೇಡಿ.

ವೈಸ್‌ನಲ್ಲಿ ಮಾತ್ರ ಕನ್ನಡ ಸಾಧ್ಯವಿಲ್ಲ, ಅದರೊಳಗೆ ಆ ಅಕ್ಷರಗಳೇ ಇಲ್ಲ. ಅಲ್ಲಿಗೆ ರೋಮನ್ ಲಿಪಿಯ ಹೆಸರಿನ ಇನ್ನೊಂದು ಅಂಕಣ ಡೇಟಾದಲ್ಲೇ ಇಟ್ಟುಕೊಳ್ಳಿ. ಯಾವುದನ್ನು ತೋರಿಸಬೇಕು ಅಂತ ಲೊಕೇಲ್ ನೋಡಿ ತೀರ್ಮಾನಿಸಿ. ಟರ್ಮ್ ಹೆಸರು ನೋಡಿ ತೀರ್ಮಾನಿಸಿದರೆ ಮತ್ತೆ ಇಫ್-ಎಲ್ಸ್ ಕಾಡಿಗೇ ಹೋದ ಹಾಗೆ.

ಕಾಳಿ_ದಂಡೆ

ವೈಸ್‌ಗೆ ವಿಟಿ220 ಅಂತ ಹೆಸರಿಟ್ಟಿದ್ದು ಸಿಸ್ಟಂಡಿ, ಅಂದರೆ ಲಿನಕ್ಸಿನಲ್ಲಿ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಂ. ಸೀರಿಯಲ್ ಲೈನಿನ ಆಚೆ ಯಾವ ಯಂತ್ರ ಇದೆ ಅಂತ ಅದಕ್ಕೆ ತಿಳಿಯುವ ದಾರಿ ಇಲ್ಲ, ಅದಕ್ಕೇ ಎಲ್ಲಕ್ಕೂ ಆ ಹೆಸರು ಕೊಡುತ್ತದೆ. ಸೀರಿಯಲ್-ಗೆಟ್ಟಿ ಸೇವೆಯನ್ನು ಸಿಸ್ಟಂಸಿಟಿಎಲ್ ಎಡಿಟ್‌ನಲ್ಲಿ ತೆರೆಯಿರಿ. ಲಾಗಿನ್ ಕೇಳುವ ಎಗೆಟ್ಟಿಯನ್ನು ಓಡಿಸುವ ಸಾಲಿನ ಕೊನೆಯ ಪದವೇ ಟರ್ಮ್ ಹೆಸರು. ಅಲ್ಲಿ ಡಬ್ಲ್ಯೂವೈ60 ಅಂತ ಸಣ್ಣಕ್ಷರದಲ್ಲಿ ಹಾಕಿ. ಹಳೆಯ ಎಕ್ಸೆಕ್‌ಸ್ಟಾರ್ಟ್ ಸಾಲನ್ನು ಮೊದಲು ಖಾಲಿ ಮಾಡಿ ಆಮೇಲೆ ಹೊಸದು ಬರೆಯಬೇಕು, ಇಲ್ಲದಿದ್ದರೆ ಒಪ್ಪುವುದಿಲ್ಲ. ಲಾಗಿನ್ ಆದ ಮೇಲೆ ಇನ್ಫೋಸಿಎಂಪಿ ಅಂತ ಹೊಡೆದರೆ ಆ ಟರ್ಮಿನಲ್ಲಿನ ವಿವರ ಪೂರ್ತಿ ಕಾಣುತ್ತದೆ. ಅದರಲ್ಲಿ ಕಪ್ ಅನ್ನೋದು ಕರ್ಸರ್ ಓಡಿಸುವ ಸೂತ್ರ, ಕೆಎಫ್1 ಅನ್ನೋದು ಎಫ್1. ಒಮ್ಮೆ ಕಣ್ಣಾಡಿಸಿ, ಬಹಳ ಅರ್ಥವಾಗುತ್ತದೆ. ಬ್ಯಾಕಪ್‌ಗೆ ಬರೆದ ಶೆಲ್ ಸ್ಕ್ರಿಪ್ಟ್‌ಗಳಲ್ಲೂ ಎಸ್ಕೇಪ್ ಕೋಡ್ ಇದ್ದರೆ ಟಿಪುಟ್‌ಗೆ ಬದಲಿಸಿ. ಟಿಪುಟ್ ಕಪ್ 10 5 ಅಂದರೆ ಎಲ್ಲ ಟರ್ಮಿನಲ್ಲಿನಲ್ಲೂ ಅದೇ ಜಾಗ.

ಪ್ರೋಗ್ರಾಂ ನಡುವೆ ಬಿದ್ದುಹೋದರೆ ಟೈಪ್ ಮಾಡಿದ್ದು ಕಾಣದ ಹಾಗಾಗುತ್ತದೆ, ಟರ್ಮಿನಲ್ಲನ್ನು ಮೊದಲಿನ ಸ್ಥಿತಿಗೆ ತರುವ ಎಂಡ್‌ವಿನ್ ಕರೆಯುವ ಮೊದಲೇ ಸತ್ತಿರುತ್ತದೆ ಅಂತ. ಅದಕ್ಕೆ ಪ್ರೋಗ್ರಾಮನ್ನು ನೇರ ಓಡಿಸದೆ ಸಣ್ಣ ಸ್ಕ್ರಿಪ್ಟಿನಿಂದ ಓಡಿಸಿ, ಅದರ ಮುಂದಿನ ಸಾಲಲ್ಲೇ ಎಸ್‌ಟಿಟಿವೈ ಸೇನ್ ಹಾಕಿಡಿ. ಗೋದಾಮಿನ ಹಿರಿಯರು ನಿಮಗೆ ಫೋನ್ ಮಾಡಬೇಕಾಗುವುದಿಲ್ಲ.

ಕುಮಟೆ_ಕೀಬೋರ್ಡ್

ಮಳೆಗಾಲ ಅಂದಿರಲ್ಲ, ಅದಕ್ಕೆ ಎರಡು ಮಾತು. ದೇವಿಮನೆ ಘಟ್ಟದ ಕಡೆ ಜೋರು ಮಳೆ ಹಿಡಿದರೆ ನಮ್ಮ ಲೈನ್ ಹೋಗಿ ಬಂದು ಮಾಡುತ್ತದೆ. ಕಾರ್ಯದರ್ಶಿಯವರ ಫೋನ್ ಲೈನ್ ಕಡಿದರೆ ಪ್ರೋಗ್ರಾಮೂ ಸಾಯುತ್ತದೆ. ಅವರಿಗೆ ಸರ್ವರಿನಲ್ಲಿ ಟಿಮಕ್ಸ್ (ಟರ್ಮಕ್ಸ್ ಅಲ್ಲ, ಲೈನ್ ಹೋದರೂ ಪ್ರೋಗ್ರಾಂ ಜೀವಂತ ಇಡುವ ಸಾಧನ) ಒಳಗೆ ಓಡಿಸಿ ಕೊಡಿ, ಲೈನ್ ಬಂದ ಮೇಲೆ ಬಿಟ್ಟಲ್ಲಿಂದಲೇ ಸಿಗುತ್ತದೆ. ಟಿಮಕ್ಸ್ ಒಳಗೆ ಟರ್ಮ್ ಹೆಸರು ಟಿಮಕ್ಸ್-256ಕಲರ್ ಅಥವಾ ಸ್ಕ್ರೀನ್-256ಕಲರ್ ಇರಬೇಕು. ಯಾರೋ ಹೇಳಿದರು ಅಂತ ಶೆಲ್ ಫೈಲಿನಲ್ಲಿ ಎಕ್ಸ್‌ಟರ್ಮ್ ಅಂತ ಗಟ್ಟಿಯಾಗಿ ಬರೆದಿಡಬೇಡಿ.

ಎಸ್ಕೇಪ್ ಕೀಯನ್ನು ರದ್ದು ಮಾಡಲು ಬಳಸುವ ಯೋಚನೆ ಇದ್ದರೆ ಇದನ್ನೂ ನೋಡಿ. ವೈಸ್ ಬಿಟ್ಟು ಉಳಿದ ಕಡೆ ಎಫ್ ಕೀಗಳೂ ಎಸ್ಕೇಪಿನಿಂದಲೇ ಶುರುವಾಗುವುದರಿಂದ, ಬರೀ ಎಸ್ಕೇಪ್ ಬಂದರೆ ಎನ್‌ಕರ್ಸಸ್ ಮುಂದೆ ಇನ್ನೇನಾದರೂ ಬರುತ್ತದಾ ಅಂತ 1000 ಮಿಲಿಸೆಕೆಂಡ್ ಕಾಯುತ್ತದೆ. ಎಸ್ಕ್‌ಡಿಲೇ ಬೆಲೆ ಇಳಿಸಿದರೆ ಬೇಗ ಆಗುತ್ತದೆ. ಆದರೆ ನಿಧಾನದ ಲೈನಿನಲ್ಲಿ ತೀರಾ ಇಳಿಸಿದರೆ ಎಫ್1ರ ಬೈಟ್‌ಗಳು ಬಿಡಿಯಾಗಿ ಬಂದು ರದ್ದು ಆಗಿಬಿಡಬಹುದು. ಎಫ್4 ಹೇಗೂ ಇದೆ, ಎಸ್ಕೇಪನ್ನು ಮುಟ್ಟದೇ ಇರುವುದೇ ಒಳ್ಳೆಯದು.

ಘಟ್ಟದ_ಮೇಲಿನವ

ವೈಸ್ ಸರಿಯಾಯ್ತು! ಹೆಸರು ಬದಲಿಸಿದ್ದೇ ತಡ, ಚೌಕಟ್ಟು ಸಮೇತ ನೀಟಾಗಿ ಬಂತು. ನೋಎನ್‌ಎಲ್ ಹಾಕಿದ ಮೇಲೆ ಎಫ್1 ಹೊಸ ತೂಕವನ್ನೇ ತೆರೆಯುತ್ತದೆ, ಚೀಟಿ ಸೇವ್ ಆಗುವುದಿಲ್ಲ. ಹೆಸರನ್ನು ಸಾಲಿನ ಕೊನೆಗೆ ಒಯ್ದೆ, ಅಂಕಣಗಳು ಈಗ ನೇರ ನಿಂತಿವೆ.

ಉಳಿದದ್ದು ಕಾರ್ಯದರ್ಶಿಯವರ ಫೋನ್ ಒಂದೇ. ಕೀಬೋರ್ಡ್ ತೆರೆದರೆ ಕೆಳಗಿನ ಅರ್ಧ ಹೋಗುತ್ತದೆ ಅಂದಿದ್ದೆನಲ್ಲ, ಮತ್ತೆ ಅಲ್ಲಿ ಎಫ್ ಕೀಗಳೂ ಇಲ್ಲ.

ಶರಾವತಿ_ಬದಿ

ಕೀಬೋರ್ಡ್ ತೆರೆದಾಗ ಟರ್ಮಕ್ಸ್ ಸಾಲುಗಳನ್ನು ಕಡಿಮೆ ಮಾಡಿ ಸರ್ವರಿಗೆ ಹೇಳುತ್ತದೆ. ಆಗ ನಿಮ್ಮ ಗೆಟ್‌ಚ್‌ಗೆ ಕೀ_ರೀಸೈಜ್ ಅಂತ ಒಂದು ಕೀ ಬರುತ್ತದೆ. ಅದು ಬಂದ ಕೂಡಲೇ ಲೈನ್ಸ್, ಕಾಲ್ಸ್ ಎರಡನ್ನೂ ನೋಡಿ ಸ್ಕ್ರೀನ್ ಹೊಸದಾಗಿ ಹಾಸಿ. ಎಲ್ಲೂ 24 ಅಂತ ನೇರವಾಗಿ ಬರೆದಿರಬಾರದು. ಕೆಳಗಿನ ಕೀ ಸಾಲು ಲೈನ್ಸ್‌ನಲ್ಲಿ ಒಂದು ಕಳೆದ ಜಾಗದಲ್ಲಿರಲಿ, ಪಟ್ಟಿಗೆ ಉಳಿದಷ್ಟು ಸಾಲು. ಜಾಗ ತೀರಾ ಕಡಿಮೆ ಆದರೆ ಪಟ್ಟಿ ಬಿಟ್ಟು ನಮೂದಿನ ಭಾಗ ಮಾತ್ರ ತೋರಿಸಿ.

ಎಫ್ ಕೀಗೆ ಟರ್ಮಕ್ಸ್‌ನಲ್ಲಿ ವಾಲ್ಯೂಮ್ ಮೇಲಿನ ಬಟನ್ ಹಿಡಿದು 1 ಒತ್ತಿದರೆ ಎಫ್1, 2 ಒತ್ತಿದರೆ ಎಫ್2, ಸೊನ್ನೆ ಒತ್ತಿದರೆ ಎಫ್10. ಅವರಿಗೆ ಅದು ಕಷ್ಟ ಅನ್ನಿಸಿದರೆ ಟರ್ಮಕ್ಸ್ ಪ್ರಾಪರ್ಟೀಸ್ ಫೈಲಿನಲ್ಲಿ ಹೆಚ್ಚುವರಿ ಕೀಗಳ ಸಾಲು ಇದೆ, ಅದರಲ್ಲಿ ಎಫ್1ರಿಂದ ಎಫ್4 ಮತ್ತು ಎಫ್10 ಸೇರಿಸಿ ಕೊಡಿ, ಕೀಬೋರ್ಡಿನ ಮೇಲೆ ಬಟನ್ ಆಗಿ ಕಾಣುತ್ತವೆ. ಫೈಲ್ ಬದಲಿಸಿದ ಮೇಲೆ ಟರ್ಮಕ್ಸ್-ರಿಲೋಡ್-ಸೆಟ್ಟಿಂಗ್ಸ್ ಒಮ್ಮೆ ಓಡಿಸಿ.